ದಿವಾನರು ಮೆಚ್ಚಿದರೆ ಲಾಯ ನಮ್ಮದು

ನಗೆನಾಟಕ ಆಡುವವರಷ್ಟು ಗಂಭೀರ ಜನ ಬೇರೆಲ್ಲೂ ಇಲ್ಲ. ಹಾಗಾಗಿ ಅವರ ನಡುವೆ ಈ ಕೆಳಗಿನಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಜಮಖಂಡಿಯ ನಮ್ಮ ಹವ್ಯಾಸಿ ಮಂಡಳಿಗೆ ಸ್ವಂತ ಜಾಗವಿರಲಿಲ್ಲ. ಸಂಸ್ಥಾನದ ಖಾಲಿ ಆನೆಲಾಯ ಕೊಡಿ ಎಂದು ಅರ್ಜಿ ಹಾಕಿದೆವು. ಮೊದಲು ಸಂಗೀತ ನಾಟಕ ನೋಡುತ್ತೇನೆ, ಮೆಚ್ಚಿದರೆ ಕೊಡುತ್ತೇನೆ ಎಂದರು ದಿವಾನರು. ನಾವು ಆರಿಸಿದ್ದು ಹಾಡುಗಳಿರುವ ಒಂದು ಹಳೆಯ ನಗೆನಾಟಕ. ಪುಣೆಯಲ್ಲಿ ಬಿ.ಎ. ಮಾಡಿದ್ದಕ್ಕೆ ನನಗೆ ಸಿಕ್ಕ ಕೆಲಸ, ಪರದೆಯ ಮರೆಯಲ್ಲಿ ನಿಂತು ಮರೆತವರಿಗೆ ಮಾತು ನೆನಪಿಸುವುದು.

ಮೀಸೆ

ನಾಯಕಿಯ ಪಾತ್ರ ಹುನ್ನೂರಿನ ಸಾಲಿ ಮಾಸ್ತರರದು. ಗಂಟಲು ಛಲೋ, ಮೀಸೆ ದಪ್ಪ. ನಮ್ಮ ಕಡೆ ಮೀಸೆ ತೆಗೆಸುವುದು ತಂದೆ ಸತ್ತಾಗ ಮಾತ್ರ. ಲಾಯದ ಆಸೆಗೆ ಮಾಸ್ತರರು ತೆಗೆಸಿಯೇ ಬಿಟ್ಟರು. ಕಂಡವರಾರೋ ಸುದ್ದಿ ಹಬ್ಬಿಸಿದರು. ಮರುದಿನ ತಾಲೀಮಿನ ಜಾಗಕ್ಕೆ ಬಂಧುಗಳ ಚಕ್ಕಡಿ ಗಾಡಿ ಬಂತು. ಮುಂದೆ ಕೂತವರು ಸ್ವತಃ ತಂದೆ. ಸೀರೆ ಉಟ್ಟ ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ಲೇ, ನಾ ಯಾವಾಗ ಸತ್ತೆ?"

"ಇಲ್ರೀ ಅಪ್ಪಾ, ನಾಟಕಾ."

"ಹಂಗಾರ ಅಳಾಕ ಬಂದ ಮಂದಿಗೆ ಊಟಕ್ಕ ಹಾಕು."

ಸಿಂಹಾಸನ

ರಾಜನ ಪಾತ್ರ ದಿವಾನರ ಕಚೇರಿಯ ಕಾರಕೂನರದು. ಇಪ್ಪತ್ತು ವರ್ಷ ಅವರು ದಿವಾನರ ಎದುರು ಕೂತವರಲ್ಲ. ಆಟದ ದಿನ ಪರದೆ ಎದ್ದಿತು. ಮೊದಲ ಸಾಲಿನಲ್ಲಿ ದಿವಾನರನ್ನು ಕಂಡದ್ದೇ ರಾಜ ಸಿಂಹಾಸನದಿಂದ ಎದ್ದು, ಸೊಂಟ ಬಾಗಿಸಿ ಮುಜರೆ ಮಾಡಿದ.

"ಕೂಡ್ರಿ," ಎಂದು ಮರೆಯಿಂದ ಪಿಸುಗುಟ್ಟಿದೆ.

"ಸಾಹೇಬ್ರು ಹೇಳ್ಲಿ, ಕೂಡತೇನಿ."

ಸಾಹೇಬರು ಹೇಳಲಿಲ್ಲ. ರಾಜ ಮೂರೂ ಅಂಕ ನಿಂತೇ ರಾಜ್ಯ ಆಳಿದ. ಎರಡನೆಯ ಅಂಕದಲ್ಲಿ ನಾಯಕಿ, ಖಾಲಿ ಐತಲ್ಲ ಎಂದು, ಸಿಂಹಾಸನದಲ್ಲಿ ತಾನೇ ಕೂತಳು.

ನಗು

ಇಷ್ಟಾದರೂ ಯಾರೂ ನಗಲಿಲ್ಲ. ದಿವಾನರಿಗಿಂತ ಮೊದಲು ನಗುವುದು ಊರಿನ ಪದ್ಧತಿಯಲ್ಲ, ದಿವಾನರ ಮುಖವೋ ಕಲ್ಲು. ಜನ ಧೋತರದ ಚುಂಗು ಬಾಯಿಗೆ ತುರುಕಿಕೊಂಡು, ಭುಜ ಕುಣಿಸುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಕೂತಿದ್ದರು. ಮಾಸ್ತರರು ಮರೆಗೆ ಬಂದು ಸೆರಗಿನಿಂದ ಬೆವರು ಒರೆಸಿಕೊಂಡರು.

"ಲಾಯಾನೂ ಹೋತ್ರಿ, ಮೀಸಿನೂ ಹೋತು."

ಕೊನೆಯ ಹಾಡು ಮುಗಿದ ಮೇಲೆ ದಿವಾನರು ರಂಗ ಹತ್ತಿದರು. ರಾಜ ಇನ್ನೂ ನಿಂತೇ ಇದ್ದ.

"ಮಂದಿ ಎಲ್ಲಾ ಬಾಯಿಗೆ ಧೋತ್ರ ಹಿಡದು ಅಳೂದು ನೋಡೀನಿ," ಎಂದರು. "ನನಗ ನಡುನಡುವ ನಗಿ ಬರತಿತ್ತು. ಅಳೋ ಮಂದ್ಯಾಗ ಹೆಂಗ ನಗೂದಂತ ಹಲ್ಲ ಕಚ್ಚಿ ತಡಕೊಂಡೆ. ಲಾಯ ನಿಮ್ಮದು. ಆದ್ರ ಮುಂದಿನ ಸಲ ಒಂದು ನಗೋ ನಾಟಕ ಮಾಡ್ರಿ."