ಹಿತ್ತಲ ಕುಲುಮೆಯ ಭಾನುವಾರಗಳು

ಹಿತ್ತಲಲ್ಲಿ ಕುಲುಮೆ ಇಟ್ಟುಕೊಂಡವನ ಭಾನುವಾರ ಸುಮ್ಮನೆ ಕಳೆಯುವುದಿಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ನನ್ನದು ಕಚೇರಿ ಕೆಲಸ. ಲೋಹ ಕರಗಿಸುವವರನ್ನು ಕಿಟಕಿಯಿಂದ ನೋಡಿ ನೋಡಿ ಹುಚ್ಚು ಹಿಡಿದು, ಸಿದ್ಧಾರ್ಥನಗರದ ಮನೆಯ ಹಿಂದೆ ನಾನೂ ಒಂದು ಕಟ್ಟಿದೆ. ಗುಜರಿ ಅಲ್ಯುಮಿನಿಯಂ ಕರಗಿಸಿ, ಸತು ಬೆರೆಸಿ, ಮರಳಿನ ಅಚ್ಚಿಗೆ ಸುರಿದರೆ ಗಟ್ಟಿಮುಟ್ಟಾದ ಎರಕ ಬರುತ್ತದೆ. ಬರಬೇಕು. ನನಗೆ ಬಹಳ ಕಾಲ ಬಂದದ್ದು ಬರೀ ಹೊಗೆ.

ಹೊಗೆ

ಆ ಹೊಗೆ ನೋಡಿ ಪಕ್ಕದ ಮನೆಯ ಹಿರಿಯರು ಮಡಿ ಪಂಚೆ ಉಟ್ಟು, ಬಟ್ಟಲಲ್ಲಿ ತುಪ್ಪ ಹಿಡಿದು ಬಂದರು. ಹೋಮಕ್ಕೆ ಕರೆಯಲಿಲ್ಲವೆಂದು ಅವರಿಗೆ ಬೇಸರ. ಇದು ಹೋಮವಲ್ಲ, ಹಳೇ ಕಾರ್ಬುರೇಟರ್ ಕರಗುತ್ತಿದೆ ಎಂದು ವಿವರಿಸಿದೆ. ಪಾಪ, ಅವರ ಮುಖ ಬಾಡಿತು.

"ಊಟ ಇಲ್ಲೇ ಆಗುತ್ತೆ ಅಂತ ಮನೇಲಿ ಅಡುಗೆ ಬೇಡ ಅಂದ್ಬುಟ್ಟೆ ಕಣಪ್ಪ," ಎಂದರು.

ನನ್ನವಳು ಎಲೆ ಹಾಕಿದಳು. ತುಪ್ಪ ಹೇಗೂ ಅವರದೇ ಇತ್ತು.

ಬಾಗಿಲ ಹಿಡಿ

ಹಳೆಯ ಹಿಡಿಗಳಲ್ಲಿ ಸತು ಇರುತ್ತದೆ. ಮೇಲಿನ ಹೊಳಪನ್ನು ಸ್ವಲ್ಪ ಅರದಿಂದ ಉಜ್ಜಿದರೆ ಗೊತ್ತಾಗುತ್ತದೆ. ಹಾಗಾಗಿ ಜೇಬಲ್ಲಿ ಸಣ್ಣ ಅರ ಸದಾ ಇರುತ್ತಿತ್ತು. ಭಾಮೈದನಿಗೆ ಹೆಣ್ಣು ನೋಡಲು ಹೋದಾಗಲೂ ಇತ್ತು. ಎಲ್ಲರೂ ಹುಡುಗಿ ನೋಡುತ್ತಿದ್ದರೆ ನಾನು ಬಾಗಿಲ ಹಿಡಿ ಉಜ್ಜುತ್ತಿದ್ದೆ. ಹುಡುಗಿಯ ಅಪ್ಪ ಹಿಂದೆ ಬಂದು ನಿಂತದ್ದು ತಿಳಿಯಲೇ ಇಲ್ಲ.

"ಬಾಗಿಲೂ ಒಪ್ಪಿಗೆ ಆಯ್ತಾ ಸ್ವಾಮಿ?" ಎಂದು ಕೇಳಿದರು.

ಅಲ್ಲಿಯವರೆಗೆ ತಲೆ ತಗ್ಗಿಸಿದ್ದ ಹುಡುಗಿ ಗೊಳ್ಳೆಂದು ನಕ್ಕಳು. ಆ ನಗುವಿಗೇ ಭಾಮೈದ ಸೋತ. ಸಂಬಂಧ ಕುದುರಿತು, ಹಿಡಿ ಮಾತ್ರ ಸಿಗಲಿಲ್ಲ.

ಪುಲ್ಲಿ

ಇಷ್ಟಾದ ಮೇಲೆ ಮನೆಯವಳು ಗಡುವು ಕೊಟ್ಟಳು. ನಮ್ಮ ಹಳೇ ಗ್ರೈಂಡರಿನ ಬೆಲ್ಟ್ ತಿರುಗಿಸುವ ಪುಲ್ಲಿ ಒಡೆದಿತ್ತು, ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಅದನ್ನು ಎರಕ ಹೊಯ್ದು ಕೊಟ್ಟರೆ ಕುಲುಮೆ ಉಳಿಯುತ್ತದೆ, ಇಲ್ಲವಾದರೆ ಕುಲುಮೆಯೇ ಗುಜರಿಗೆ. ನನಗೆ ನಿಜಕ್ಕೂ ಭಯವಾಯಿತು.

ಮೊದಲನೆಯದು ಜರಡಿಯಂತೆ ತೂತು ತೂತಾಗಿ ಬಂತು. ಎರಡನೆಯದಕ್ಕೆ ಅಲ್ಯುಮಿನಿಯಂ ಸಾಲದೆ ಅಟ್ಟ ಹತ್ತಿ, ಅಲ್ಲಿದ್ದ ಹಳೇ ಸಾಮಾನು ಇಳಿಸಿ ಕರಗಿಸಿದೆ. ಈ ಸಲ ಪುಲ್ಲಿ ನುಣ್ಣಗೆ ಬಂತು! ಕಡೆದು, ಜೋಡಿಸಿ, ಸ್ವಿಚ್ ಹಾಕಿದೆ. ಗ್ರೈಂಡರ್ ತಿರುಗಿದಾಗ ನನ್ನ ಕಣ್ಣು ತುಂಬಿ ಬಂತು. ಅವಳು ಪುಲ್ಲಿಗೆ ಕುಂಕುಮವಿಟ್ಟು, ಖುಷಿಯಿಂದ ಇಡ್ಲಿಗೆ ರುಬ್ಬಿದಳು.

ಬೆಳಿಗ್ಗೆ ಹಿಟ್ಟು ಚೆನ್ನಾಗಿ ಉಬ್ಬಿತ್ತು. ಅವಳು ಸ್ಟೂಲ್ ಹತ್ತಿ ಅಟ್ಟದಲ್ಲಿ ತಡಕಿದಳು. ಆಗ ನನಗೆ ಹೊಳೆಯಿತು. ಗ್ರೈಂಡರ್ ಕೆಟ್ಟ ಮೇಲೆ ಮನೆಯಲ್ಲಿ ಇಡ್ಲಿ ನಿಂತು, ಇಡ್ಲಿ ತಟ್ಟೆಗಳು ಅಟ್ಟ ಸೇರಿದ್ದವು. ಅಟ್ಟ ಸೇರಿದ್ದೆಲ್ಲ ಬೇಡದ್ದೇ ಎಂದು ನಾನು ಭಾವಿಸಿದ್ದೆ.

ಅವಳು ನಿಧಾನವಾಗಿ ಇಳಿದಳು. ಪುಲ್ಲಿ ನೋಡಿದಳು, ನನ್ನನ್ನು ನೋಡಿದಳು.

"ಕುಲುಮೆ ಇರಲಿ ಬಿಡಿ," ಎಂದಳು. "ಇವತ್ತು ದೋಸೆ ಹುಯ್ತೀನಿ. ರೀ, ಕಾವಲಿ ಕಬ್ಬಿಣದ್ದು. ಅದು ನಿಮ್ಮ ಕುಲುಮೇಲಿ ಕರಗಲ್ಲ ತಾನೆ?"