ರೋಬೋಗೆ ಇಂಟರ್‌ನೆಟ್ ಹಿಡಿದು ನಿಂತದ್ದು

ಯಂತ್ರಗಳ ವಿಷಯದಲ್ಲಿ ಗಂಡಹೆಂಡಿರಲ್ಲಿ ಒಬ್ಬರು ದಡ್ಡರಾಗಿದ್ದರೆ ಸಂಸಾರ ಸುಸೂತ್ರವಾಗಿ ಸಾಗುತ್ತದೆ ಎಂಬುದು ನನ್ನ ಅನುಭವ. ನಮ್ಮ ಮನೆಯಲ್ಲಿ ಆ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡಿದ್ದೇನೆ. ಕರೆಂಟು ಹೋದರೆ ನಾನು ಮೇಣದಬತ್ತಿ ಹುಡುಕುತ್ತೇನೆ. ನನ್ನ ಹೆಂಡತಿ ಸುಮಿತ್ರಾ ಟೆಸ್ಟರ್ ಹುಡುಕುತ್ತಾಳೆ. ಅವಳು ಫರೀದಾಬಾದಿನ ಬಾಯ್ಲರ್ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ನಾನು ಸರ್ಕಾರಿ ಕಚೇರಿಯಲ್ಲಿ ಅನುವಾದಕ. ನನ್ನ ಕೈಯಲ್ಲಿ ಕೆಟ್ಟದ್ದು ಯಾರಿಗೂ ಬೇಗ ಗೊತ್ತಾಗುವುದಿಲ್ಲ.

ಅವಳ ಕಾರ್ಖಾನೆಯಲ್ಲಿ ದೊಡ್ಡ ಕೊಳವೆಗಳೊಳಗೆ ಬಿರುಕು ಹುಡುಕಲು ಮನುಷ್ಯರೇ ತೆವಳಿಕೊಂಡು ಹೋಗಬೇಕಿತ್ತು. ಒಮ್ಮೆ ಒಬ್ಬ ಕೆಲಸಗಾರ ಒಳಗೇ ತಲೆಸುತ್ತಿ ಬಿದ್ದ. ಅವನನ್ನು ಹೊರಗೆಳೆದು ತಂದ ದಿನ ಸುಮಿತ್ರಾ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಮೈಸೂರಿನಲ್ಲಿದ್ದ ಕಾಲೇಜು ಗೆಳತಿ ಮುಮ್ತಾಜಳಿಗೆ ಫೋನು ಮಾಡಿದಳು. ಇವಳು ಗಾಲಿ, ಮೋಟಾರು ಜೋಡಿಸಿದಳು. ಅವಳು ಅಲ್ಲಿಂದಲೇ ಪ್ರೋಗ್ರಾಮು ಬರೆದಳು. ಜನಕಪುರಿಯ ನಮ್ಮ ಮನೆಯಲ್ಲಿ ಕ್ಯಾಮೆರಾ ಹೊತ್ತ ಪುಟ್ಟ ರೋಬೋ ಓಡಾಡತೊಡಗಿತು. ಇಂಟರ್‌ನೆಟ್ಟಿನ ಮೂಲಕ ಅದನ್ನು ನಡೆಸುತ್ತಿದ್ದವಳು ಮುಮ್ತಾಜ್. ಒಂದು ಭಾನುವಾರ ಅದು ಅಡುಗೆಮನೆಗೆ ಬಂದು, ಮುಮ್ತಾಜಳ ದನಿಯಲ್ಲಿ, "ಭಾವ, ಒಗ್ಗರಣೆ ಹೊಗೆಯಾಡ್ತಿದೆ" ಎಂದಿತು. ಒಲೆಯ ಮುಂದಿದ್ದ ನನಗಿಂತ ಮೊದಲು ಮೈಸೂರಿಗೆ ಗೊತ್ತಾಗಿತ್ತು.

ಕಾರ್ಖಾನೆಯ ಮಾಲೀಕರು ಒಮ್ಮೆ ತೋರಿಸಿ ಎಂದರು. ಅಲ್ಲೇ ತೊಡಕು. ರೋಬೋ ಓಡುತ್ತಿದ್ದದ್ದು ಮನೆಯ ಬ್ರಾಡ್‌ಬ್ಯಾಂಡಿನಿಂದ. ಹೊಸ್ತಿಲು ದಾಟಿದರೆ ಅದು ಬರೀ ಡಬ್ಬಿ. ಆಗ ತಾನೇ ಲ್ಯಾಪ್‌ಟಾಪಿಗೆ ಚುಚ್ಚಿದರೆ ಹೋದಲ್ಲೆಲ್ಲ ಇಂಟರ್‌ನೆಟ್ ಕೊಡುವ ಡೇಟಾ ಕಾರ್ಡುಗಳು ಬಂದಿದ್ದವು. ಒಂದನ್ನು ಕೊಳ್ಳಲು ಹೋದಾಗ ಮಾರ್ಕೆಟ್ಟಿನ ಅಂಗಡಿಯ ಭಯ್ಯಾ ಯಾರು ಬಳಸುತ್ತಾರೆಂದು ಕೇಳಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಸುಮಿತ್ರಾ, ರೋಬೋ ಎಂದಳು. ಅವನು ತಲೆ ಎತ್ತದೆ, ಅಚ್ಛಾ, ಹಾಗಾದರೆ ಅವರದೊಂದು ಫೋಟೋ, ವಿಳಾಸದ ಪುರಾವೆ ಬೇಕು ಎಂದ. ಕೊನೆಗೆ ರೋಬೋ ಪರವಾಗಿ ನನ್ನ ಫೋಟೋ ಹೋಯಿತು.

ಜನವರಿಯ ಮಂಜಿನಲ್ಲಿ ಫರೀದಾಬಾದಿಗೆ ಹೋದೆವು. ತಗಡಿನ ಸೂರಿನ ದೊಡ್ಡ ಶೆಡ್ಡಿನೊಳಗೆ ಕಾರ್ಡಿಗೆ ಸಿಗ್ನಲ್ಲೇ ಇಲ್ಲ. ಮಾಲೀಕರು ಗಡಿಯಾರ ನೋಡಿಕೊಂಡರು. ಕೆಲಸಗಾರರೆಲ್ಲ ಸುತ್ತ ನೆರೆದಿದ್ದರು. ತಲೆಸುತ್ತಿ ಬಿದ್ದಿದ್ದವನೂ ಇದ್ದ. ನಾನಾಗಿದ್ದರೆ ಕ್ಷಮೆ ಕೇಳಿ ಬಸ್ಸು ಹಿಡಿಯುತ್ತಿದ್ದೆ. ಸುಮಿತ್ರಾ ಕಾರ್ಡಿಗೆ ಉದ್ದನೆಯ ವೈರು ಸಿಕ್ಕಿಸಿ, ಗೋಡೆಗುಂಟ ಹಿಡಿದು ನೋಡುತ್ತ ಹೋದಳು. ಕಿಟಕಿಯ ಸರಳಿನಾಚೆ, ಒಂದು ತೋಳಿನಷ್ಟು ದೂರದಲ್ಲಿ ಸಿಗ್ನಲ್ ಸಿಕ್ಕಿತು. ಲ್ಯಾಪ್‌ಟಾಪನ್ನು ಕಿಟಕಿಯ ಬಳಿ ಇಟ್ಟು, ಅದರಿಂದ ರೋಬೋಗೆ ವೈರ್‌ಲೆಸ್ ಸಂಪರ್ಕ ಕೊಟ್ಟಳು. ಇನ್ನು ಬೇಕಾಗಿದ್ದದ್ದು ತೋಳು.

ಹೀಗೆ ನಾನು ಶೆಡ್ಡಿಗೆ ಬೆನ್ನು ಹಾಕಿ, ಕಾರ್ಡು ಹಿಡಿದ ಕೈಯನ್ನು ಸರಳಿನಾಚೆಯ ಚಳಿಗೆ ಚಾಚಿ, ಟವರಿನಂತೆ ನಿಂತೆ. ಹಿಂದೆ ಗಾಲಿಗಳ ಸದ್ದಾಯಿತು. ಮುಮ್ತಾಜಳ ದನಿ ಹಿಂದಿಯಲ್ಲಿ ಎಲ್ಲರಿಗೂ ನಮಸ್ತೆ ಹೇಳಿತು. ನೋಡುವ ಆಸೆ ತಡೆಯಲಾಗದೆ ತಿರುಗಿದೆ. ಕೈ ಒಳಗೆ ಬಂತು. ಕೊಳವೆಯ ಬಾಯಲ್ಲಿ ರೋಬೋ ನಿಂತುಬಿಟ್ಟಿತು.

ಸುಮಿತ್ರಾ ದನಿ ಏರಿಸಲಿಲ್ಲ. "ಸ್ವಲ್ಪ ಹೊರಗೆ ನೋಡ್ತೀರಾ?" ಎಂದಳಷ್ಟೆ.

ಮತ್ತೆ ತಿರುಗಿದೆ. ರೋಬೋ ಕೊಳವೆ ಹೊಕ್ಕಿತಂತೆ, ಮುಮ್ತಾಜ್ ಮೈಸೂರಿನಲ್ಲಿ ಕೂತು ಕೂದಲೆಳೆಯಂಥ ಬಿರುಕನ್ನು ತೋರಿಸಿದಳಂತೆ, ತಲೆಸುತ್ತಿ ಬಿದ್ದಿದ್ದವನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದನಂತೆ. ಎಲ್ಲವನ್ನೂ ಬೆನ್ನಿನಿಂದಲೇ ಕೇಳಿಸಿಕೊಂಡೆ. ಬೆರಳು ಮರಗಟ್ಟಿದ್ದವು. ಇನ್ನು ಯಾರೂ ಕೊಳವೆಗೆ ಇಳಿಯುವುದು ಬೇಡ, ಮೇಡಂ, ಇದನ್ನೇ ಗಟ್ಟಿಮುಟ್ಟಾಗಿ ಮಾಡಿ ಎಂದು ಮಾಲೀಕರು ಹೇಳಿದ್ದೂ ಕೇಳಿಸಿತು.

ಆಮೇಲೆ ಅವರು ನನ್ನ ಕಡೆ ಬಂದು, ತಂಡದಲ್ಲಿ ನನ್ನ ಕೆಲಸವೇನೆಂದು ವಿಚಾರಿಸಿದರು. ಅಂಥ ಹೆಂಗಸಿನ ಗಂಡ ಅನುವಾದಕ ಎನ್ನಲು ಮನಸ್ಸು ಬರಲಿಲ್ಲ. ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ ಎಂದು ಗಂಭೀರವಾಗಿ ಹೇಳಿದೆ. ಅವರ ಮುಖ ಅರಳಿತು. ಮೇಲಿನ ಆಫೀಸಿನಲ್ಲಿ ಬೆಳಗಿನಿಂದ ಇಂಟರ್‌ನೆಟ್ ಇಲ್ಲವೆಂದು, ಮೊಣಕೈ ಹಿಡಿದು ಮೆಟ್ಟಿಲ ಕಡೆ ಕರೆದೊಯ್ದರು.

ನಾನು ದೀನನಾಗಿ ಸುಮಿತ್ರಾಳತ್ತ ನೋಡಿದೆ. ಅವಳು ವೈರು ಸುತ್ತುತ್ತ, "ಹೋಗಿ ಬನ್ನಿ. ಅಲ್ಲೂ ಒಂದು ಕಿಟಕಿ ಇರುತ್ತೆ" ಎಂದಳು.