ಸುಮ್ಮನಿರುವವರ ಪರವಾಗಿ

ನಾನು ಮಾತು ಕಡಿಮೆ ಆಡುವವಳು. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ತಿಳಿಯಬೇಕಾಗಿಲ್ಲ. ನನ್ನ ಎತ್ತರ ಇಷ್ಟು, ಕನ್ನಡಕದ ನಂಬರು ಇಷ್ಟು ಎಂದು ಹೇಳುವ ಹಾಗೆ ಹೇಳುತ್ತಿದ್ದೇನೆ, ಅಷ್ಟೆ. ಆದರೆ ನಮ್ಮ ಕಡೆ ಸುಮ್ಮನೆ ಕೂತವರನ್ನು ಸುಮ್ಮನೆ ಬಿಡುವುದಿಲ್ಲ. ಜ್ವರ ಬಂದಿರಬೇಕು, ಗಂಡನ ಜೊತೆ ಜಗಳವಾಗಿರಬೇಕು, ತವರಿನಿಂದ ಏನೋ ಸುದ್ದಿ ಬಂದಿರಬೇಕು. ಇವು ಯಾವುವೂ ಅಲ್ಲವೆಂದಾದರೆ ಸೊಕ್ಕು ಇರಬೇಕು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಗಿನ ಗೋವಿನಜೋಳದ ಹೊಲಗಳನ್ನು ನೋಡುತ್ತ ನೆಮ್ಮದಿಯಾಗಿದ್ದರೆ, ಪಕ್ಕದ ಹೆಂಗಸು ಮೊಣಕೈ ತಟ್ಟಿ, ಯಾಕವಾ, ಆರಾಮ ಇಲ್ಲೇನು ಎಂದು ಕೇಳುತ್ತಾಳೆ. ಆರಾಮವಾಗಿಯೇ ಇದ್ದೆ, ಆಕೆ ಕೇಳುವ ತನಕ.

ಹಾನಗಲ್ಲಿನ ನನ್ನ ತವರುಮನೆಯಲ್ಲಿ ಈ ತೊಂದರೆ ಇರಲಿಲ್ಲ. ಅಪ್ಪನೂ ನನ್ನಂಥವನೇ. ಒಮ್ಮೆ ಇಬ್ಬರೂ ಸೇರಿ ಇಡೀ ಮಧ್ಯಾಹ್ನ ಕೆಟ್ಟುಹೋದ ರೇಡಿಯೊ ಬಿಚ್ಚಿ ಜೋಡಿಸಿದ್ದೆವು. ನಡುವೆ ಅಪ್ಪ ಆಡಿದ ಮಾತು ‘ಇಕ್ಕಳಾ ಕೊಡು’ ಎಂಬುದೊಂದೇ. ಅಂಥ ಒಳ್ಳೆಯ ಮಧ್ಯಾಹ್ನ ಮತ್ತೆ ನನ್ನ ಜೀವನದಲ್ಲಿ ಬಂದಿಲ್ಲ. ಮದುವೆಯಾಗಿ ಸೇರಿದ್ದು ಹಿರೇಕೆರೂರಿನ ಮನೆತನಕ್ಕೆ. ಅಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಎಲ್ಲರಿಗೂ ಎಲ್ಲರ ಮಾತೂ ಕೇಳಿಸುತ್ತದೆ. ಅದು ಹೇಗೆ ಸಾಧ್ಯ ಎಂದು ಗಣಿತ ಕಲಿಸುವ ನಾನು ಇಂದಿಗೂ ಲೆಕ್ಕ ಹಾಕುತ್ತಿದ್ದೇನೆ. ಶಿಗ್ಗಾಂವಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗಂಡ ಅಂಗಡಿಗೆ ಬಂದವರ ಊರು, ಕುಲ, ಸೊಂಟನೋವು ಎಲ್ಲವನ್ನೂ ತಿಳಿದುಕೊಂಡ ಮೇಲೆಯೇ ಬೀಜದ ಪಾಕೀಟು ಕೊಡುತ್ತಾರೆ. ನನ್ನ ಅತ್ತೆಯಂತೂ ಮದುವೆಮನೆಗಳಲ್ಲಿ ನನ್ನನ್ನು ಪರಿಚಯಿಸುವಾಗ, ನಮ್ಮ ಸೊಸಿ ಭಾಳ ಓದ್ಯಾಳ, ಹಿಂಗಾಗಿ ಮಾತಾಡಂಗಿಲ್ಲ ಎಂದು ಸೇರಿಸುತ್ತಾರೆ. ಓದು ಎಂದರೆ ಗಂಟಲಿನ ಯಾವುದೋ ಕಾಯಿಲೆ ಎಂಬಂತೆ.

ಮಾತಾಡುವುದಿಲ್ಲ ಎಂದರೆ ನನ್ನಲ್ಲಿ ಮಾತಿಲ್ಲ ಎಂದಲ್ಲ. ಯಾರಾದರೂ ಏನಾದರೂ ಅಂದರೆ ನಾನು ಅದನ್ನು ಮನೆಗೆ ಒಯ್ದು, ಬಿಡಿಸಿ, ಅದರ ಎಲ್ಲ ಮಗ್ಗುಲು ನೋಡಿ, ಒಳ್ಳೆಯದೊಂದು ಉತ್ತರ ತಯಾರಿಸುತ್ತೇನೆ. ಅದು ತಯಾರಾಗುವ ಹೊತ್ತಿಗೆ ನಾನು ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಿರುತ್ತೇನೆ, ಅಂದವರು ಅಂದದ್ದನ್ನು ಮರೆತು ವಾರವಾಗಿರುತ್ತದೆ. ನಮ್ಮ ಮನೆಯ ಪಾತ್ರೆಗಳು ಕೇಳಿಸಿಕೊಂಡಷ್ಟು ಚುರುಕಾದ ಉತ್ತರಗಳನ್ನು ಹಾವೇರಿ ಜಿಲ್ಲೆಯಲ್ಲಿ ಇನ್ನಾರೂ ಕೇಳಿಸಿಕೊಂಡಿರಲಾರರು.

ಹೀಗಿರುವಾಗ ಶಿಗ್ಗಾಂವಿಯ ನಮ್ಮ ಕಾಲೇಜಿಗೆ ಹುಬ್ಬಳ್ಳಿಯಿಂದ ವ್ಯಕ್ತಿತ್ವ ವಿಕಸನದ ತರಬೇತುದಾರರೊಬ್ಬರು ಬಂದರು. ಎಲ್ಲರಿಗೂ ಒಂದಷ್ಟು ಪ್ರಶ್ನೆ ಕೇಳಿ, ನೀವು ಇಂಥ ನಮೂನೆ, ನೀವು ಅಂಥ ನಮೂನೆ ಎಂದು ವಿಂಗಡಿಸುವುದು ಅವರ ಕೆಲಸ. ಹೊಸ ಜನ ಇರುವ ಸಮಾರಂಭಕ್ಕೆ ಹೋದರೆ ಉತ್ಸಾಹ ಬರುತ್ತದೆಯೋ, ದಣಿವಾಗುತ್ತದೆಯೋ ಎಂದು ನನ್ನನ್ನು ಕೇಳಿದರು. ಸಮಾರಂಭ ಯಾರದು, ಊಟ ಎಷ್ಟು ಹೊತ್ತಿಗೆ, ತಿರುಗಿ ಬರಲು ಬಸ್ಸು ಉಂಟೋ ಎಂದು ನಾನು ಕೇಳಿದೆ. ಅವರು ಸಂತೋಷದಿಂದ ಎಲ್ಲರ ಕಡೆ ತಿರುಗಿ, ಅಂತರ್ಮುಖಿ ಮತ್ತು ವಿಶ್ಲೇಷಕ ಸ್ವಭಾವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು ಎಂದರು. ಆಮೇಲೆ ನನ್ನ ಕಡೆ ಕರುಣೆಯಿಂದ ನೋಡಿ, ನೀವು ಹೊರಗೆ ಬರಬೇಕು ಎಂದರು. ಎಲ್ಲಿಂದ, ಎಲ್ಲಿಗೆ, ಬಂದು ಮಾಡುವುದೇನು ಎಂಬ ಮೂರೂ ಪ್ರಶ್ನೆಗಳು ನನಗೆ ಹೊಳೆದವು, ಪಾತ್ರೆ ತಿಕ್ಕುವಾಗ.

ಆ ದಿನ ನನ್ನ ಜೊತೆ ಅದೇ ನಮೂನೆಗೆ ಸೇರಿದವರು ಇನ್ನೊಬ್ಬರಿದ್ದರು, ಇತಿಹಾಸ ಕಲಿಸುವ ಖಾದರ ಸರ್. ಸವಣೂರಿನವರು. ಸ್ಟಾಫ್ ರೂಮಿನ ಮೂಲೆಯಲ್ಲಿ, ಬೇವಿನಮರ ಕಾಣುವ ಕಿಟಕಿಯ ಹತ್ತಿರ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ. ಬಹಳ ವರ್ಷಗಳಿಂದ ಹಾಗೆಯೇ. ಬೆಳಿಗ್ಗೆ ‘ನಮಸ್ಕಾರ್ರಿ’, ಸಂಜೆ ‘ಬರ್ತೇನ್ರಿ’. ನಡುವೆ ಅವರು ಕುರುಕಲು ತಿಂಡಿಯಾದ ಸವಣೂರಿನ ಖಾರದ ಪೊಟ್ಟಣ ಬಿಚ್ಚಿ ಇಬ್ಬರ ಮಧ್ಯೆ ಇಡುತ್ತಿದ್ದರು. ನಾವು ಬೇವಿನಮರ ನೋಡುತ್ತ ತಿನ್ನುತ್ತಿದ್ದೆವು. ಒಮ್ಮೊಮ್ಮೆ ಅವರು ಬಾಯಿ ತೆರೆದು, ನನ್ನ ಕಡೆ ನೋಡಿ, ಮತ್ತೆ ಮುಚ್ಚಿ ಪೇಪರು ಹಿಡಿಯುತ್ತಿದ್ದರು. ಆಕಳಿಕೆ ಇರಬೇಕು ಎಂದುಕೊಂಡಿದ್ದೆ. ಜಗತ್ತಿನಲ್ಲಿ ನನ್ನನ್ನು ನನ್ನಷ್ಟಕ್ಕೆ ಬಿಟ್ಟವರು ಒಬ್ಬರಾದರೂ ಇದ್ದಾರಲ್ಲ ಎಂದು ಅವರ ಬಗ್ಗೆ ನನಗೆ ದೊಡ್ಡ ಗೌರವ.

ಅವರು ನಿವೃತ್ತರಾಗುವ ಹೊತ್ತು ಬಂತು. ಪ್ರಿನ್ಸಿಪಾಲರು ಸಭೆ ಕರೆದರು. ನಮ್ಮ ಕಾಲೇಜಿನ ಎಲ್ಲ ಸಮಾರಂಭಗಳ ಹಿಂದೆಯೂ ಮುಂದೆಯೂ ಇರುವ ಕನ್ನಡದ ಪಾಟೀಲ ಸರ್ ಎದ್ದು ಯೋಜನೆ ಹೇಳಿದರು. ತೆರೆದ ಜೀಪು, ತಲೆಗೆ ಪೇಟ, ಮುಂದೆ ತಾಳ, ಡೋಲು ಬಾರಿಸುವ ಝಾಂಜ್ ಮೇಳ, ಕಾಲೇಜಿನಿಂದ ಬಸ್‌ಸ್ಟ್ಯಾಂಡಿನವರೆಗೆ ಮೆರವಣಿಗೆ, ತಿರುಗಿ ಬಂದು ಸಭೆ, ಎಲ್ಲರಿಂದ ಭಾಷಣ. ನಾನು ಖಾದರ ಸರ್ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಕೂತಿದ್ದರು. ಕಿವಿ ಕೆಂಪಾಗಿತ್ತು. ಆ ಜೀಪಿನ ಮೇಲೆ ನಾನೇ ನಿಂತಂತೆ, ಇಡೀ ಊರು ನನ್ನನ್ನೇ ನೋಡುತ್ತಿದ್ದಂತೆ ಅನಿಸಿತು. ನನಗೇ ತಿಳಿಯದೆ ಎದ್ದು ನಿಂತಿದ್ದೆ.

“ಸರ್, ಸುಮ್ಮನಿರೋರನ್ನ ಹಿಡದು ಜೀಪಿನ ಮ್ಯಾಲ ನಿಂದರಸೋದು ಸನ್ಮಾನ ಅಲ್ರಿ, ಶಿಕ್ಷೆ” ಎಂದೆ. “ಇವರು ಇಷ್ಟು ವರ್ಷ ಯಾರಿಗೂ ತ್ರಾಸ ಕೊಟ್ಟಿಲ್ಲ. ಹೋಗೋ ದಿನಾ ನಾವು ಅವರಿಗೆ ತ್ರಾಸ ಕೊಡೋದು ಬ್ಯಾಡ.”

ಅಲ್ಲಿಗೆ ಕೂತಿದ್ದರೆ ಚೆನ್ನಾಗಿತ್ತು. ಆದರೆ ವರ್ಷಗಟ್ಟಲೆ ಪಾತ್ರೆಗಳಿಗೆ ಹೇಳಿದ್ದೆಲ್ಲ ಆ ದಿನ ಮನುಷ್ಯರ ಮುಂದೆ ಹೊರಬಿತ್ತು. ಗದ್ದಲವನ್ನೇ ಪ್ರೀತಿ ಎಂದು ತಿಳಿಯುವವರ ಬಗ್ಗೆ ಹೇಳಿದೆ, ಮಾತಾಡದವರನ್ನು ರಿಪೇರಿಗೆ ಬಂದ ಪಂಪ್‌ಸೆಟ್ಟಿನಂತೆ ನೋಡುವವರ ಬಗ್ಗೆ ಹೇಳಿದೆ, ಹುಬ್ಬಳ್ಳಿಯ ತರಬೇತುದಾರರನ್ನೂ ಬಿಡಲಿಲ್ಲ. ಗೋಡೆಯ ಮೇಲಿನ ಗಡಿಯಾರವೇ ಮಾತಾಡಿದ್ದರೂ ಸಭೆಯವರಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ. ಕೊನೆಗೆ ಪ್ರಿನ್ಸಿಪಾಲರು, ಹಾಗಾದರೆ ಇಲ್ಲಿಯೇ ಒಂದು ಹಾರ ಹಾಕಿ ಚಹಾ ಕುಡಿದು ಮುಗಿಸೋಣ ಎಂದರು. ಪಾಟೀಲ ಸರ್ ಮುಖ ಊದಿಸಿಕೊಂಡು ಹೊರಗೆ ಹೋಗಿ ಝಾಂಜ್ ಮೇಳದವರಿಗೆ ಬೇಡವೆಂದು ಫೋನು ಮಾಡಿದರು. ಆ ಇಡೀ ಹೊತ್ತಿನಲ್ಲಿ ಖಾದರ ಸರ್ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ. ನನಗೆ ಕೇಳುವ ಅಗತ್ಯವೇ ಕಾಣಲಿಲ್ಲ.

ಸಂಜೆ ಮನೆಗೆ ಹೊರಟವಳನ್ನು ಅವರು ಗೇಟಿನ ಹತ್ತಿರ ನಿಲ್ಲಿಸಿದರು.

“ಮೇಡಂ, ನನ್ನ ಪರವಾಗಿ ಇಷ್ಟು ಯಾರೂ ಮಾತಾಡಿದ್ದಿಲ್ರಿ. ಭಾಳ ಚಲೋ ಮಾತಾಡಿದ್ರಿ” ಎಂದರು. “ಆದ್ರ ನಾನು ಶೇರವಾನಿ ಹೊಲಿಸೇನ್ರಿ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ಪಾಟೀಲ ಸರ್ ಮೊದಲೇ ಇವರಿಗೆ ಗುಟ್ಟಾಗಿ ಮೆರವಣಿಗೆಯ ವಿಷಯವೆಲ್ಲ ಹೇಳಿದ್ದರಂತೆ. ಸವಣೂರಿನ ನೆಂಟರಿಗೆಲ್ಲ ಸುದ್ದಿ ಮುಟ್ಟಿದೆಯಂತೆ. ಬಂಕಾಪುರದ ಮಗಳು ಮಕ್ಕಳೊಂದಿಗೆ ಬಂದು ದಾರಿಯ ಬಟ್ಟೆ ಅಂಗಡಿಯೊಂದರ ಮಾಳಿಗೆಯಿಂದ ಹೂವು ಹಾಕುವವಳಿದ್ದಾಳಂತೆ. ಅವರ ಹೆಂಡತಿ ಜುಬೇದಾ ಅವರಂತೂ ಶೇರವಾನಿಯ ಗುಂಡಿಗಾಗಿ ಹುಬ್ಬಳ್ಳಿಯ ಪೇಟೆಯನ್ನೆಲ್ಲ ತಿರುಗಿ ಬಂದಿದ್ದಾರಂತೆ. ತಮ್ಮ ಮದುವೆಯಲ್ಲಿ ಮಳೆ ಬಂದು ಮೆರವಣಿಗೆ ನಿಂತುಹೋಗಿತ್ತು, ಅಂದಿನಿಂದ ಮನಸ್ಸಿನಲ್ಲಿ ಒಂದು ಆಸೆ ಉಳಿದಿತ್ತು ಎಂದರು. ಸಭೆಯಲ್ಲಿ ಅವರ ಕಿವಿ ಕೆಂಪಾಗಿದ್ದು ಸಂಕಟಕ್ಕಲ್ಲ, ಸಂಭ್ರಮಕ್ಕೆ.

ಹಾಗಾದರೆ ಇಷ್ಟು ವರ್ಷ ಒಂದು ಮಾತೂ ಆಡದೆ ಕೂತಿದ್ದಿರಲ್ಲ ಎಂದು ಕೇಳಿದೆ.

“ನೀವು ಸುಮ್ಮನಿರ್ತಿದ್ರಿ” ಎಂದರು. “ನಿಮಗ ಮಾತು ಸೇರಂಗಿಲ್ಲ ಅಂತ ಗೊತ್ತಾತು. ಬಾಜೂಕ ಕುಂತು ತ್ರಾಸ ಯಾಕ ಕೊಡೋದಂತ ನಾನೂ ಬಾಯಿ ಮುಚಗೊಂಡು ಕುಂತೆ. ಮನ್ಯಾಗ ಬಂದು ಕೇಳ್ರಿ, ನನ್ನ ಬಾಯಿ ಮುಚ್ಚಸಾಕ ಟೀವಿ ಹಚ್ತಾರ.”

ಆಕಳಿಕೆಗಳೆಲ್ಲ ನೆನಪಾದವು. ಎಷ್ಟು ವರ್ಷದ ಮಾತುಗಳನ್ನು ಈ ಮನುಷ್ಯ ಖಾರದ ಜೊತೆ ನುಂಗಿದ್ದಾರೋ! ಸ್ಟಾಫ್ ರೂಮಿನ ಆ ಕಡೆ ಗದ್ದಲದವರ ನಡುವೆ ಕುರ್ಚಿ ಖಾಲಿ ಇದ್ದವಲ್ಲ, ಅಲ್ಲಿ ಹೋಗಿ ಕೂರಬಹುದಿತ್ತಲ್ಲ ಎಂದೆ. ಅವರು ತಲೆಯಾಡಿಸಿದರು. “ನಮ್ಮ ಅಣ್ಣ ತೀರಕೊಂಡಾಗ ಎಲ್ಲಾರೂ ಬಂದು ಸಮಾಧಾನ ಹೇಳಿದ್ರು. ನೀವು ಒಬ್ಬರು ಏನೂ ಹೇಳಲಿಲ್ಲ. ವಾರಗಟ್ಟಲೆ ನನ್ನ ಕ್ಲಾಸ್ ತಗೊಂಡ್ರಿ, ಮತ್ತ ಬಂದು ಬಾಜೂಕ ಕುಂತ್ರಿ. ಆ ಕುರ್ಚಿ ಬಿಟ್ಟು ನಾ ಎಲ್ಲಿಗೆ ಹೋಗ್ಲಿ?”

ಇದಕ್ಕೆ ಉತ್ತರ ನನಗೆ ಪಾತ್ರೆ ತಿಕ್ಕುವಾಗಲೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಮೆರವಣಿಗೆ ಆಗಲೇಬೇಕು ಎಂದು ವಾದಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ನಿನ್ನೆ ಇದೇ ಬಾಯಿ ಅದನ್ನು ಶಿಕ್ಷೆ ಎಂದಿತ್ತಲ್ಲ ಎಂದರು. ಶಿಕ್ಷೆ ನನಗೆ, ಅವರಿಗಲ್ಲ ಎಂದೆ. ಪಾಟೀಲ ಸರ್ ಮಾತ್ರ ಜಗ್ಗಲಿಲ್ಲ. ಮೇಳದವರು ಈಗಾಗಲೇ ರಟ್ಟೀಹಳ್ಳಿಯ ಯಾವುದೋ ಅಂಗಡಿ ಉದ್ಘಾಟನೆ ಒಪ್ಪಿಕೊಂಡಿದ್ದಾರೆ, ಬೇಕಿದ್ದರೆ ನೀವೇ ಫೋನು ಮಾಡಿ ಎಂದು ನಂಬರು ಕೊಟ್ಟು ಕೈತೊಳೆದುಕೊಂಡರು. ಫೋನು ಎಂದರೆ ನನಗೆ ಹೇಗೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪರಿಚಯವಿಲ್ಲದವರಿಗೆ ಫೋನು ಮಾಡುವ ಮೊದಲು ನಾನು ಹೇಳಬೇಕಾದುದನ್ನೆಲ್ಲ ಬಾಯಿಪಾಠ ಮಾಡುತ್ತೇನೆ, ಅವರು ಏನನ್ನಬಹುದು ಎಂಬುದನ್ನೂ ಬಾಯಿಪಾಠ ಮಾಡುತ್ತೇನೆ, ಆಮೇಲೆ ಎತ್ತದಿರಲಿ ದೇವರೇ ಎಂದು ಬೇಡಿಕೊಂಡು ನಂಬರು ಒತ್ತುತ್ತೇನೆ. ಮೇಳದ ಯಜಮಾನ ಕೂಡಲೇ ಎತ್ತಿದ. ನನ್ನ ಬಾಯಿಪಾಠದಲ್ಲಿ ಇಲ್ಲದ ಪ್ರಶ್ನೆಗಳನ್ನೇ ಕೇಳಿದ. ನಾನು ತೊದಲಿದೆ, ಬೆವೆತೆ, ಖಾದರ ಸರ್ ಅವರ ಮದುವೆಯ ಮಳೆಯ ಕತೆಯನ್ನೂ ಹೇಳಿದೆ. ಕೊನೆಗೆ ಅವನು, ಅಂಗಡಿ ಸಂಜೆಗೆ ಐತ್ರಿ ಅಕ್ಕಾರ, ಮುಂಜಾನೆ ನಿಮ್ಮಲ್ಲಿ ಬಾರಿಸಿ ಹೋಗ್ತೇವಿ ಎಂದ.

ಮೆರವಣಿಗೆ ಆಯಿತು. ಶೇರವಾನಿ ಹಾಕಿದ ಖಾದರ ಸರ್ ಜೀಪಿನಲ್ಲಿ ನವಾಬರ ಹಾಗೆ ನಿಂತಿದ್ದರು. ಹೂವು ಬಿದ್ದಾಗ ತಲೆಯೆತ್ತಿ ಮಗಳ ಕಡೆ ನೋಡಿ ಮಕ್ಕಳಂತೆ ನಕ್ಕರು. ಜೀಪಿನ ಹಿಂದೆ ಬಿಸಿಲಲ್ಲಿ ನಡೆಯುತ್ತಿದ್ದ ನಾನು ಕಿವಿ ಮುಚ್ಚಿಕೊಳ್ಳಲಿಲ್ಲ. ಇಷ್ಟು ಮಾತ್ರ ನನ್ನಿಂದ ಸಾಧ್ಯವಾದ ತ್ಯಾಗ. ಸಭೆಯಲ್ಲಿ ಅವರು ಮಾತಿಗೆ ನಿಂತರೆ ಮುಗಿಸುವ ಲಕ್ಷಣವೇ ಕಾಣಲಿಲ್ಲ. ಸ್ಟಾಫ್ ರೂಮಿನ ಬೇವಿನಮರದಿಂದ ಹಿಡಿದು ಪ್ರತಿಯೊಬ್ಬರ ಟಿಫಿನ್ ಡಬ್ಬಿಯವರೆಗೆ ಎಲ್ಲವೂ ಬಂತು. ಜನ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ ಪ್ರಿನ್ಸಿಪಾಲರು ನನ್ನ ಹೆಸರು ಕರೆದು ನಾಲ್ಕು ಮಾತಾಡಬೇಕು ಎಂದರು. ನಾನು ಕೂತಲ್ಲಿಂದಲೇ ಇಲ್ಲವೆಂದು ತಲೆಯಾಡಿಸಿದೆ. ಎರಡಾದರೂ ಮಾತಾಡಿ ಎಂದರು. ಮತ್ತೆ ಆಡಿಸಿದೆ. ಸಭೆಯ ಕತ್ತುಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಏಳಲಿಲ್ಲ. ಖಾದರ ಸರ್ ಮೈಕು ತೆಗೆದುಕೊಂಡರು.

“ಅವರು ಹೇಳೋದನ್ನ ಹೇಳಿ ಮುಗಿಸ್ಯಾರ್ರಿ” ಎಂದರು. “ಬಿಡ್ರಿ ಅವರನ್ನ.”

ಆ ಜೀಪು, ಪೇಟ, ಹೂವು ಎಲ್ಲವನ್ನೂ ಸೇರಿಸಿದರೂ ಅವತ್ತಿನ ದೊಡ್ಡ ಸನ್ಮಾನ ಆದದ್ದು ನನಗೆ ಎಂದು ನಾನು ಇಂದಿಗೂ ನಂಬಿದ್ದೇನೆ.

ಇದನ್ನೆಲ್ಲ ಕೇಳಿದ ಮೇಲೆ, ನೋಡಿದೆಯಾ, ನೀನು ಸ್ವಲ್ಪ ಮಾತಾಡಿದ್ದರೆ ಮೊದಲೇ ಎಲ್ಲ ತಿಳಿಯುತ್ತಿತ್ತು ಎಂದು ನನ್ನ ಗಂಡ ಬುದ್ಧಿ ಹೇಳಲು ಬಂದರು. ನಾನು ಒಪ್ಪಲಿಲ್ಲ. ಮಾತಾಡುವವರೆಲ್ಲ ಎಲ್ಲವನ್ನೂ ತಿಳಿದಿದ್ದಾರೆಯೇ? ನಾನು ಬದಲಾಗಿಲ್ಲ, ಬದಲಾಗುವ ಉದ್ದೇಶವೂ ಇಲ್ಲ. ಆದರೆ ನನ್ನಂಥವರ ಗೋಳು ಏನೆಂದರೆ, ಒಮ್ಮೆ ಲೆಕ್ಕ ತಪ್ಪಿದರೆ ಅದೇ ನಮೂನೆಯ ಲೆಕ್ಕಗಳನ್ನೆಲ್ಲ ಮತ್ತೆ ತಾಳೆ ನೋಡದೆ ಬಿಡಲಾರೆವು. ಖಾದರ ಸರ್ ಅವರ ಕುರ್ಚಿಗೆ ಈಗ ರಸಾಯನಶಾಸ್ತ್ರ ಕಲಿಸುವ ಹೊಸ ಮೇಡಂ ಬಂದಿದ್ದಾರೆ. ಚಿಕ್ಕ ವಯಸ್ಸು, ಮೌನ ಸ್ವಭಾವ. ಮೊದಲಾಗಿದ್ದರೆ ನನಗೆ ಸ್ವರ್ಗ. ಈಗ ಅನುಮಾನ ಶುರುವಾಯಿತು. ಈ ಹುಡುಗಿ ನಿಜವಾಗಿ ಸುಮ್ಮನಿದ್ದಾಳೋ, ನನಗೆ ತ್ರಾಸವಾಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದಾಳೋ? ಆಕಳಿಸಿದರೆ ಬೆಚ್ಚಿಬೀಳುತ್ತೇನೆ. ಹಾಗಾಗಿ ದಿನಾ ಬೆಳಿಗ್ಗೆ ನಾನೇ ಮೊದಲು ಮಾತು ತೆಗೆಯುತ್ತೇನೆ. ಊರಿನ ಸುದ್ದಿ ಕೇಳುತ್ತೇನೆ, ತಿಂಡಿ ಏನೆಂದು ಕೇಳುತ್ತೇನೆ, ಏನಾದರೂ ಹೇಳುವುದಿದ್ದರೆ ಸಂಕೋಚ ಬೇಡ ಎಂದು ಮತ್ತೆ ಮತ್ತೆ ಹೇಳುತ್ತೇನೆ. ಮಧ್ಯಾಹ್ನ ಕಿಟಕಿಯ ಕಡೆ ನೋಡುತ್ತ ಕೂತಿದ್ದರೆ, ಯಾಕ್ರಿ, ಆರಾಮ ಇಲ್ಲೇನ್ರಿ ಎಂದೂ ಕೇಳಿದ್ದೇನೆ.

ಕಳೆದ ವಾರ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಬಹಳ ನಾಜೂಕಾಗಿ ಹೇಳಿದರು.

“ಮೇಡಂ, ತಪ್ಪು ತಿಳೀಬ್ಯಾಡ್ರಿ. ಆ ಹೊಸ ಹುಡುಗಿ ಬ್ಯಾರೆ ಕಡೆ ಕುರ್ಚಿ ಕೇಳಾಕತ್ತಾಳ. ನೀವು ಭಾಳ ಮಾತಾಡ್ತೀರಂತ.”